ಟ್ಯಾಂಕ್ ಮಾಡೆಲ್ಲಿನ ವಿನೈಲ್ ಟ್ರ್ಯಾಕ್ ಪದೇ ಪದೇ ಹರೀತೈತಿ, ಸೂಪರ್ ಗ್ಲೂ ಹಿಡೀವಲ್ದು, ಏನ್ ಮಾಡ್ಲಿ?

ಮೊದ್ಲ ಆ ಗ್ಲೂ ಟ್ಯೂಬ್ ಬಾಜೂಕ ಇಡ್ರಿ. 1/35 ಸ್ಕೇಲಿನ (ಖರೇದ್ದರ 35ರಾಗ ಒಂದ್ ಪಾಲು) ಪ್ಯಾಟನ್ ಎಂ48 ಅನ್ನೋ ಅಮೆರಿಕದ ಟ್ಯಾಂಕಿನ ಮಾಡೆಲ್ಲು, ಬಲಗಡೆ ಟ್ರ್ಯಾಕ್, ಅಂದ್ರ ಗಾಲಿ ಸುತ್ತ ಬರೋ ಪಟ್ಟಿ, ಜೋಡಣಿ ಇರೋ ಜಾಗಾದಾಗ ಬಿಟ್ಕೊಂಡೈತಿ, ಗ್ಲೂ ಹಾಕಿದ್ರ ಎರಡ್ ದಿನಕ್ಕ ಮತ್ತ ಪಟ್ ಅಂತೈತಿ, ಕಿಟ್ ಒಗದಬಿಡ್ಲೇನು ಅಂತ ಕೇಳೀರಿ. ಒಗೀಬ್ಯಾಡ್ರಿ. ಜೋಡಣಿದಾಗ ಅಷ್ಟ ಹರದಿದ್ರ ಇದು ರಿಪೇರಿ ಆಗೋ ಕೇಸು.

ಹಳೇ ಕಿಟ್‌ನಾಗ ಬರೋ ಈ ಕರಿ ಟ್ರ್ಯಾಕ್ ಹೆಚ್ಚಾಗಿ ಮೆತ್ತನ ಪಿವಿಸಿ, ವಿನೈಲ್ ಅನ್ನೂದೂ ಇದಕ್ಕ. ಪಿವಿಸಿ ತನ್ನಷ್ಟಕ್ಕ ತಾ ಗಟ್ಟಿ ಮಾಲು, ಮನ್ಯಾಗಿನ ನೀರಿನ ಪೈಪೂ ಅದ. ಅದನ್ನ ಬಗ್ಗೂವಂಗ ಮಾಡಾಕ ಪ್ಲಾಸ್ಟಿಸೈಜರ್ ಅಂತ ಎಣ್ಣಿಯಂಥಾದ್ದೊಂದು ಕೂಡ್ಸಿರ್ತಾರ, ಅದು ವರ್ಷ ಹೋದಂಗ ನಿಧಾನಕ ಹೊರಗ ಬರ್ತೈತಿ, ಮ್ಯಾಲ ಕೈಗೆ ಜಿಗಿಜಿಗಿ ಹತ್ತೋದು ಅದ. ಆ ಜಿಡ್ಡಿನ ಮ್ಯಾಲ ಅಂಟು ಹಿಡಿಯೂದು ಕಷ್ಟ, ಹಿಡದ್ರೂ ಸೂಪರ್ ಗ್ಲೂ ಒಣಗಿದ ಮ್ಯಾಲ ಗಾಜಿನಂಗ ಬಿರುಸು ಆಗ್ತೈತಿ, ಟ್ರ್ಯಾಕ್ ಬಗ್ಗೂ ಮಾಲು, ಒಂದು ಬಗ್ಗತೈತಿ ಒಂದು ಬಗ್ಗಂಗಿಲ್ಲ, ಬಿಟ್ಕೋಲಾರ್ದ ಏನ್ ಮಾಡ್ತೈತಿ? ಅದರ ಮ್ಯಾಲ ನಮ್ಮ ಕಡೆ ಬಿಸಿಲು ನಿಮಗ ಹೇಳೂದ ಬ್ಯಾಡ, ವಿಜಯಪುರದಾಗೂ ಬಾಗಲಕೋಟ್ಯಾಗೂ ಏಪ್ರಿಲ್-ಮೇ ಅಂದ್ರ 40 ಡಿಗ್ರಿ ದಾಟತೈತಿ, ಕಾವು ಹೆಚ್ಚಾದಷ್ಟು ಆ ಎಣ್ಣಿ ಜಲ್ದಿ ಹೋಗಿ ಟ್ರ್ಯಾಕ್ ಸೆಟದ ಬಿಡತೈತಿ.

ಒಂದ್ ಮಾತು ತಲ್ಯಾಗ ಇಟ್ಕೋರಿ. ಟ್ರ್ಯಾಕ್ ಹಿಂಗ ಬೆಲ್ಟ್‌ನಂಗ ಮಾಡಿದ್ದ ಯಾಕ ಅಂದ್ರ, 1960ರ ದಶಕದಾಗ ತಾಮಿಯಾದಂಥ ಮಾಡೆಲ್ ಕಂಪನಿ ಟ್ಯಾಂಕ್‌ಗಳೊಳಗ ಬ್ಯಾಟರಿ ಮೋಟರ್ ಇರ್ತಿತ್ತು, ಹುಡುಗೂರು ನೆಲದ ಮ್ಯಾಲ ಓಡಸ್ತಿದ್ರು, ಗಾಲಿ ತಿರುಗಬೇಕಂದ್ರ ಟ್ರ್ಯಾಕ್ ಮೆತ್ತಗ ಇರಬೇಕಿತ್ತು. ನಿಮ್ಮ ಪ್ಯಾಟನ್ ಶೋಕೇಸಿನಾಗ ನಿಂದ್ರೂದು. ಅದರ ಟ್ರ್ಯಾಕ್ ಬಗ್ಗೂ ಗರ್ಜ್ ಇಲ್ಲ, ಜಗ್ಗಿ ಹಿಡಿಯೋ ಗರ್ಜೂ ಇಲ್ಲ. ಅಂದಮ್ಯಾಲ ಎಲ್ಲಾ ಭಾರ ಒಂದ ಜೋಡಣಿ ಮ್ಯಾಲ ಯಾಕ ಹಾಕ್ಬೇಕು? ಗಾಲಿ ಗಾಲಿಗೆ ಹಂಚಿ ಬಿಡ್ರಿ. ನಾ ಮಾಡೋದೆಲ್ಲಾ ಇದರ ಮ್ಯಾಲ ನಿಂತೈತಿ.

ಮೊದ್ಲ ಟ್ರ್ಯಾಕ್ ಬಿಚ್ಚಿ ಪಾತ್ರಿ ತೊಳ್ಯೋ ಸೋಪಿನ ನೀರಾಗ ಹಳೇ ಬ್ರಷ್‌ಲೇ ತಿಕ್ಕಿ ತೊಳದು ಒಣಗಸ್ರಿ. ಆಮ್ಯಾಲ ಹರೀಲಾರ್ದ ಜಾಗಾದಾಗ ನಿಧಾನಕ ಬಗ್ಗಿಸಿ ನೋಡ್ರಿ. ಲಿಂಕಿನ ನಡುವ ಕೂದಲೆಳಿಯಂಥ ಬಿರುಕು ಕಂಡ್ರ, ಇಲ್ಲಾ ಬಗ್ಗಿಸಿದ ಕೂಡ್ಲೇ ಇನ್ನೊಂದ ಕಡೆ ಮುರದ್ರ, ಆ ಟ್ರ್ಯಾಕ್ ಮುಗೀತು, ಹೊಲದು ಉಪಯೋಗಿಲ್ಲ. ಬರೇ ಸೆಟದೈತಿ ಅಂದ್ರ ಬಿಸಿನೀರಾಗ, ಕುದಿಯೋ ನೀರು ಬ್ಯಾಡ್ರಿ, ಒಂದೆರಡು ನಿಮಿಷ ಬಿಟ್ರ ಮೆತ್ತಗಾಗ್ತೈತಿ, ಬೇಕಾದಂಗ ಬಗ್ಗಿಸಿ ತಣ್ಣೀರಾಗ ಹಾಕಿದ್ರ ಅದ ಆಕಾರದಾಗ ನಿಲ್ತೈತಿ.

ಈಗ ಹೊಲಿಯೂದು. ಅಂಟಿಸೂದಲ್ಲ, ಹೊಲಿಯೂದು. ಮೋಟರ್ ವೈಂಡಿಂಗ್ ಅಂಗಡಿ ನಮ್ಮ ಕಡೆ ಯಾವ್ ಓಣ್ಯಾಗಿಲ್ಲ ಹೇಳ್ರಿ, ಅಲ್ಲಿ ಹೋಗಿ ತುಂಡು ತಾಮ್ರದ ತಂತಿ ಕೇಳ್ರಿ, ಆದ್ರ ಪಂಪ್‌ಸೆಟ್ಟಿಂದು ಬ್ಯಾಡ, ಅದು ದಪ್ಪ, ಸೀಲಿಂಗ್ ಫ್ಯಾನಿಗೆ ಸುತ್ತೋದು ಕೇಳ್ರಿ, 36 ಗೇಜ್ ಅಂದ್ರ 0.2 ಮಿಮೀ ಆಸುಪಾಸು ಇರ್ತೈತಿ, ಕಸದಾಗ ಬಿದ್ದಿದ್ದ ಕೊಡ್ತಾರ, ರೊಕ್ಕಾನೂ ತಗೊಳ್ಳಂಗಿಲ್ಲ. ಎಂ48ರ ಖರೇ ಟ್ರ್ಯಾಕ್ 28 ಇಂಚ್ ಅಗಲ, 1/35ಕ್ಕ ಇಳಿಸಿದ್ರ 20 ಮಿಮೀ, ಅಂದ್ರ ಕೆಲಸ ಮಾಡಾಕ ಜಾಗಾ ಸಾಕಷ್ಟೈತಿ. ಎರಡೂ ತುದಿ ಒಂದರ ಮ್ಯಾಲ ಒಂದು ಇಟ್ಟು, ತುದಿ ಅಂಚಿಗೆ ಹತ್ತಲಾರ್ದಂಗ ಒಂದ್ ಲಿಂಕ್ ಒಳಗ ಸರದು, ನಡುವಿನ ಗೈಡ್ ಹಲ್ಲಿನ ಆ ಕಡೆ ಎರಡು ಈ ಕಡೆ ಎರಡು ಸಣ್ಣ ತೂತು ಹಾಕ್ರಿ. ಕೈ ಡ್ರಿಲ್ ಇಲ್ಲಾಂದ್ರ ಸೂಜಿ ಕಾಸಿ ಚುಚ್ರಿ, ಕಿಟಕಿ ತಗದು ಮಾಡ್ರಿ, ಆ ಹೊಗಿ ಛಲೋ ಅಲ್ಲ. ತಂತಿ ಪೋಣಿಸಿ ಗಾಲಿ ಕಡೆ ಬರೋ ಬದಿಯಾಗ ತಿರುವಿ ಕಟ್ ಮಾಡ್ರಿ. ಈಗ ಬೇಕಿದ್ರ ಆ ಗಂಟಿನ ಮ್ಯಾಲ ಸೂಪರ್ ಗ್ಲೂ ಒಂದ್ ಹನಿ. ಅದರ ಕೆಲಸ ಗಂಟು ಬಿಚ್ಚಲಾರ್ದಂಗ ನೋಡ್ಕೊಳ್ಳೂದು ಅಷ್ಟ. ಕೆಲವ್ರು ಸ್ಟೇಪ್ಲರ್ ಪಿನ್ ಹೊಡೀತಾರ, ನಡೀತೈತಿ, ಆದ್ರ ಪಿನ್ನಿನ ಕಾಲು ದಪ್ಪ ಇರೂದ್ರಿಂದ ಸೆಟದ ವಿನೈಲ್ ಅಲ್ಲೇ ಸೀಳತೈತಿ, ನನಗ ಅಷ್ಟ ಸೇರಂಗಿಲ್ಲ.

ಜೋಡಣಿ ಎಲ್ಲಿ ಬರಬೇಕು ಅನ್ನೂದೂ ಮುಖ್ಯ. ಸೆಂಚೂರಿಯನ್ ಅನ್ನೋ ಬ್ರಿಟಿಷ್ ಟ್ಯಾಂಕ್ ಆಗಿದ್ರ ಬಾಜೂಕ ಟ್ರ್ಯಾಕ್ ಮುಚ್ಚೋ ಸ್ಕರ್ಟ್ ಪ್ಲೇಟ್ ಇರ್ತಾವ, ಮ್ಯಾಲ ಮುಚ್ಚಿಟ್ರ ಮುಗೀತು. ಪ್ಯಾಟನ್‌ಗೆ ಆ ಪುಣ್ಯ ಇಲ್ಲ, ಅದಕ್ಕ ಕೆಳಗ, ಭಾರ ಹೊರೋ ಆರು ದೊಡ್ಡ ಗಾಲಿ, ಅಂದ್ರ ರೋಡ್ ವೀಲಿನಾಗ ನಡುವಿಂದು ಯಾವ್ದರ ಒಂದರ ಕೆಳಗ ಬರೂವಂಗ ತಿರುಗಿಸಿ ಇಡ್ರಿ. ಹಿಂದಿನ ಸ್ಪ್ರಾಕೆಟ್ (ಟ್ರ್ಯಾಕ್ ಓಡಸೋ ಹಲ್ಲಿನ ಗಾಲಿ) ಮ್ಯಾಲ ಇಲ್ಲಾ ಮುಂದಿನ ಐಡ್ಲರ್ (ತುದಿಯಾಗ ಟ್ರ್ಯಾಕ್ ಹೊಳ್ಳಿಸೋ ಗಾಲಿ) ಮ್ಯಾಲ ಅಂತೂ ತರಬ್ಯಾಡ್ರಿ, ಬಗ್ಗೂದು ಅಲ್ಲೇ ಹೆಚ್ಚು.

ಹೊಲದ ಮ್ಯಾಲ ಟ್ರ್ಯಾಕ್ ಗಿಡ್ಡ ಆತಂದ್ರ ಜಗ್ಗಿ ಹಾಕಬ್ಯಾಡ್ರಿ, ಜಗ್ಗಿದ್ದು ಟ್ರ್ಯಾಕ್ ಹರೀಲಿಲ್ಲಂದ್ರ ಐಡ್ಲರಿನ ಆಕ್ಸಲ್ ಒಳಗ ಬಗ್ಗಿಸಿ ಗಾಲಿ ಸೊಟ್ಟ ಮಾಡತೈತಿ. ಐಡ್ಲರ್ ಬಿಚ್ಚಿ ಒಂದೆರಡು ಮಿಮೀ ಹಿಂದ ಸರಿಸಿ ಅಂಟಿಸ್ರಿ, ಯಾರ ಕಣ್ಣಿಗೂ ಬೀಳಂಗಿಲ್ಲ.

ಕೂಡ್ಸಿದ ಮ್ಯಾಲ ಮ್ಯಾಲಿನ ಭಾಗ ಅದನ್ನ ಹೊರೋ ಸಣ್ಣ ಗಾಲಿ, ಅಂದ್ರ ರಿಟರ್ನ್ ರೋಲರಿಗೆ, ಕೆಳಗಿಂದು ಒಂದೊಂದ ಗಾಲಿಗೆ ಜೆಲ್ ಟೈಪ್ ಗ್ಲೂಲೇ ಹಿಡಿಸಿ, ಒಣಗೂತನಕ ಹತ್ತಿ ಉಂಡಿ ಇಲ್ಲಾ ಸ್ಪಂಜು ತುರುಕಿ ಒತ್ತಿಡ್ರಿ. ಇಲ್ಲಿ ಯಾಕ ಗ್ಲೂ ನಡೀತೈತಿ ಅಂದ್ರ ಈ ಜಾಗಾ ಬಗ್ಗಂಗಿಲ್ಲ, ಜಗ್ಗಂಗೂ ಇಲ್ಲ. ನಾಳೆ ಎಲ್ಲೋ ಒಂದ್ ಕಡೆ ಹರದ್ರೂ ಟ್ರ್ಯಾಕ್ ಇದ್ದಲ್ಲೇ ಇರ್ತೈತಿ. ಪ್ಯಾಟನ್‌ನಾಗ ರೋಲರ್ ನಡುವ ಸ್ವಲ್ಪ ಇಳಿಬಿದ್ರ ಸಾಕು, ಸೋವಿಯತ್ ಟಿ-55 ಟ್ಯಾಂಕಿಗೆ ರಿಟರ್ನ್ ರೋಲರ್ ಇಲ್ಲ, ಅದರ ಟ್ರ್ಯಾಕ್ ಸೀದಾ ಗಾಲಿ ಮ್ಯಾಲ ಮಲಗಿರ್ತೈತಿ. ಸೋಲಾಪುರ ದಾಟಿ ಅಹಮದ್‌ನಗರಕ್ಕ, ಈಗ ಅಹಿಲ್ಯಾನಗರ, ಹೋಗೋದಿದ್ರ ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ನೋಡ್ಕೊಂಡ ಬರ್ರಿ, 1965ರ ಯುದ್ಧದಾಗ ಹಿಡದ ಪ್ಯಾಟನ್ ಅಲ್ಲೇ ಐತಿ, ಬಾಜೂಕ ನಿಂತು ಟ್ರ್ಯಾಕಿನ ಫೋಟೋ ತಕ್ಕೋರಿ, ನೆಟ್ಟಿನಾಗಿನ ಫೋಟೋಕ್ಕಿಂತ ಅದ ಉಪಯೋಗ ಬರ್ತೈತಿ.

ಬಣ್ಣಾ ಅಕ್ರಿಲಿಕ್ ಹಚ್ರಿ, ತೆಳ್ಳಗ. ಎನಾಮಲ್ ವಾಶ್ (ನೀರಿನಂಗ ತೆಳ್ಳಗ ಮಾಡಿದ ಬಣ್ಣಾ), ಥಿನ್ನರ್ ಸುರದು ನೆನಸಿಟ್ರ ಮೆತ್ತನ ವಿನೈಲಿನ ಎಣ್ಣಿ ಅದೂ ಎಳಕೊಂಡ ಹೋಗ್ತೈತಿ. ಗಾಲಿಗೂ ಮೊದ್ಲ ಬಣ್ಣಾ ಹಚ್ಚಿರಬೇಕು, ಯಾಕಂದ್ರ ಬಣ್ಣಿಲ್ಲದ ಪಾಲಿಸ್ಟೈರೀನ್ (ಕಿಟ್ಟಿನ ಪ್ಲಾಸ್ಟಿಕ್) ಗಾಲಿಗೆ ವಿನೈಲ್ ತಾಗಿ ವರ್ಷಾನಗಟ್ಲೆ ಕುಂತ್ರ ಆ ಎಣ್ಣಿ ಗಾಲಿನ್ನೂ ಕರಗಸ್ತೈತಿ, ಕಟ್ಟಲಾರ್ದ ಕಿಟ್ ಡಬ್ಬ್ಯಾಗ ಟ್ರ್ಯಾಕ್ ಬ್ಯಾರೆ ಕವರಿನಾಗ ಇಡೂದು ಅದಕ್ಕ. ಉಳಿದ ಐಬು ಮುಚ್ಚಾಕ ಕೆಸರು ಐತಲ್ಲ. ಆದ್ರ ನಮ್ಮ ಎರಿಮಣ್ಣು ಜಾಡಿಸಿ ಹಚ್ಚಿ ಇದು ಖೇಮ್‌ಕರಣ್, 1965ರಾಗ ಪಾಕಿಸ್ತಾನದ ಪ್ಯಾಟನ್ ಸೋತ ಜಾಗಾ, ಅನ್ನಬ್ಯಾಡ್ರಿ, ಪಂಜಾಬಿನ ಮಣ್ಣು ತಿಳಿ ಕಂದು, ನಮ್ದು ಕರಿ, ನೋಡಿದವ್ರಿಗೆ ಪ್ಯಾಟನ್ ಕೃಷ್ಣಾ ದಂಡಿಗೆ ಬಂದೈತಿ ಅನಸ್ತೈತಿ.

ಟ್ರ್ಯಾಕ್ ಪೂರಾ ಸತ್ತಿದ್ರ ಬದಲಿ ಹಾಕೂದ ದಾರಿ. ಒಂದೊಂದ ಲಿಂಕ್ ಅಂಟಿಸೋ ಪ್ಲಾಸ್ಟಿಕ್ ಸೆಟ್ ಬರ್ತಾವ, ತಾಳ್ಮಿ ಬೇಕು. ಹಂಗರಿಯ ಫ್ರಿಯುಲ್ ಮಾಡೆಲ್ ಲೋಹದ್ದು ಮಾಡ್ತಾರ, ತಂತಿಲೇ ಪೋಣಿಸೂದು, ತನ್ನ ಭಾರಕ್ಕ ತಾನ ಇಳಿಬೀಳತೈತಿ, ನೋಡಾಕ ಅದ ಎಲ್ಲಾದಕ್ಕಿಂತ ಛಲೋ, ಕಿಸೆಕ್ಕ ಅಷ್ಟ ಅಲ್ಲ. ಕಾಲೇಜಿನ ಹುಡುಗೂರ ಕಡೆ ತ್ರೀಡಿ ಪ್ರಿಂಟ್ ಹೊಡಸೋ ವಿಚಾರ ಇದ್ರ ರೆಸಿನ್ ಪ್ರಿಂಟರ್ ಐತೇನ ಕೇಳ್ರಿ, ದಾರ ಕರಗಿಸಿ ಮಾಡೋ ಪ್ರಿಂಟರಿನಾಗ ಇಷ್ಟ ಸಣ್ಣ ಲಿಂಕ್ ನೆಟ್ಟಗ ಬರಂಗಿಲ್ಲ.

ಎಡಗಡೆ ಟ್ರ್ಯಾಕ್ ಇನ್ನೂ ಗಟ್ಟಿ ಐತಿ ಅಂದೀರಿ. ಅದೂ ಅದ ವಯಸ್ಸಿಂದು, ಅದ ಶೋಕೇಸಿನಾಗ ಕುಂತಿದ್ದು. ಬಲಗಡೆ ಕೆಲಸಾ ಹಚ್ಚಿದ ದಿನಾನ ಅದನ್ನೂ ತೊಳದು ಗಾಲಿಗೆ ಹಿಡಿಸಿಬಿಡ್ರಿ, ಮತ್ತ ಕಿಟ್ ಯಾವ ಕಂಪನಿದು ಅಂತ ಕೆಳಗ ಬರೀರಿ, ಅದರ ಟ್ರ್ಯಾಕಿಗೆ ಕಿಟ್ ಅಂಟಿಸೋ ಮಾಮೂಲಿ ಪ್ಲಾಸ್ಟಿಕ್ ಸಿಮೆಂಟ್ ಹಿಡೀತೈತೋ ಇಲ್ಲೋ ಹೇಳ್ತೀನಿ.