ಕಷ್ಟಕಾಲದಲ್ಲಿ ಹೊಸ ಸೀಸನ್ ಬೇಕಾ?

ಪ್ರಶ್ನೆ: ನಮ್ದು ಸ್ಟ್ರಿಂಗ್ ಕ್ವಾರ್ಟೆಟ್, ಅಂದ್ರೆ ನಾಲ್ಕು ಜನರ ತಂತಿವಾದ್ಯದ ತಂಡ, ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ಸ್ಪಾನ್ಸರ್‌ಗಳು ಕೈಬಿಟ್ಟಿದಾರೆ, ಟಿಕೆಟೂ ಸರಿಯಾಗಿ ಹೋಗ್ತಿಲ್ಲ. ಇಂಥಾ ಟೈಮಲ್ಲಿ ಹೊಸ ಸೀಸನ್ ಶುರು ಮಾಡೋದು ಸರೀನಾ?

ಉತ್ತರ: ಖಂಡಿತ ಮಾಡಿ, ಆದ್ರೆ ಚಿಕ್ಕದಾಗಿ ಮಾಡಿ. ಹತ್ತು ಕಛೇರಿ ಅಂದ್ಕೊಂಡಿದ್ರೆ ನಾಲ್ಕೇ ಸಾಕು. ಚೇಂಬರ್ ಮ್ಯೂಸಿಕ್‌ಗೆ, ಅಂದ್ರೆ ನಿಮ್ಮಂಥ ಚಿಕ್ಕ ತಂಡ ನುಡಿಸೋ ಸಂಗೀತಕ್ಕೆ, ದೊಡ್ಡ ಹಾಲೂ ಬೇಡ, ಮುಂದೆ ನಿಂತು ಕೈಸನ್ನೆಯಲ್ಲಿ ವಾದ್ಯಗಾರರನ್ನ ನಡೆಸೋ ಕಂಡಕ್ಟರೂ ಬೇಡ, ಮೊದಲ ವಯಲಿನ್‌ನವರು ಕಮಾನು ಎತ್ತಿ ಒಂದು ಉಸಿರು ಎಳ್ಕೊಂಡ್ರೆ ಉಳಿದ ಮೂವರೂ ಅದೇ ಉಸಿರಲ್ಲಿ ಶುರು ಮಾಡ್ತಾರೆ, ಮುಂದಿನ ಸಾಲಲ್ಲಿ ಕೂತವರಿಗೆ ಆ ಉಸಿರೂ ಕೇಳ್ಸುತ್ತೆ ನೋಡಿ, ಜನಕ್ಕೆ ಈಗ ಬೇಕಾಗಿರೋದು ಆ ಆಪ್ತತೆಯೇ. ಫ್ರಾನ್ಸಿನ ಸಂಗೀತ ರಚನೆಕಾರ ಮೆಸ್ಸಿಯಾನ್ ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಯಾಗಿದ್ದಾಗ ಕ್ಯಾಂಪಲ್ಲಿ ಸಿಕ್ಕ ವಾದ್ಯಗಾರರನ್ನೇ ನಂಬ್ಕೊಂಡು ಕ್ಲಾರಿನೆಟ್, ವಯಲಿನ್, ಚೆಲ್ಲೋ, ಪಿಯಾನೋಗೆ ಒಂದು ಕ್ವಾರ್ಟೆಟ್ ಕೃತಿ ಬರೆದ್ರು, 1941ರ ಜನವರಿ 15ಕ್ಕೆ ಅಲ್ಲೇ ಕೈದಿಗಳ ಮುಂದೆ ನುಡಿಸಿದ್ರು, ಪಿಯಾನೋಗೆ ತಾವೇ ಕೂತಿದ್ರು. ನನಗಂತೂ ಇದು ನೆನಪಾದಾಗೆಲ್ಲ ಮೈ ಜುಮ್ಮನ್ನುತ್ತೆ.

ಇಡೀ ಸೀಸನ್ ಪಾಸ್ ಮಾರೋ ಬದಲು ಒಂದೊಂದೇ ಕಛೇರಿಗೆ ಟಿಕೆಟ್ ಮಾರಿ. ಹಾಲ್ ಬುಕ್ ಮಾಡೋ ಮುಂಚೆ ಕ್ಯಾನ್ಸಲ್ ಆದ್ರೆ ಎಷ್ಟು ವಾಪಸ್ ಬರುತ್ತೆ ಅಂತ ಕೇಳ್ಕೊಳ್ಳಿ. ಮತ್ತೆ ನಾಲ್ವರಿಗೂ ಎಷ್ಟೆಷ್ಟು ಅಂತ ಮೊದಲೇ ಬಾಯಿಬಿಟ್ಟು ಮಾತಾಡಿ, ದುಡ್ಡಿನ ವಿಷಯ ಮನಸಲ್ಲೇ ಇಟ್ಕೊಂಡು ರಿಹರ್ಸಲ್‌ಗೆ ಕೂತ್ರೆ ಅದು ನುಡಿಸೋದ್ರಲ್ಲೂ ಗೊತ್ತಾಗುತ್ತೆ.