25 ಐಟಂ ಬೇಡ, ಗಿರ್ಮಿಟ್ಟಿನಿಂದ ಶುರು ಮಾಡಿ

ಹುಬ್ಬಳ್ಳಿಯಲ್ಲಿ ಕಾಲೇಜಿನ ಎದುರು ಸಂಜೆ ಫುಡ್ ಟ್ರಕ್ ಹಾಕುತ್ತೇನೆ, 25 ಐಟಂ ಇಟ್ಟರೆ ಗಿರಾಕಿ ಜಾಸ್ತಿ ಬರ್ತಾರಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. 5 ಸಾಕು. ಟ್ರಕ್ಕಿನಲ್ಲಿ ಇರೋದು ಎರಡು ಒಲೆ, ಮೊಳದಷ್ಟು ಜಾಗ. ನೂಡಲ್ಸ್, ದೋಸೆ, ರೋಲ್ ಎಲ್ಲಾ ಸೇರಿದರೆ ಒಂದು ಆರ್ಡರಿಗೆ ಕಾಲು ಗಂಟೆ ಹಿಡಿಯುತ್ತದೆ. ನಿಂತವರು ಪಕ್ಕದ ಗಾಡಿಗೆ ಹೋಗುತ್ತಾರೆ.

ಗಿರ್ಮಿಟ್, ಮಿರ್ಚಿ ಭಜಿ, ಚಹಾ ಗಟ್ಟಿಯಾಗಿ ಹಿಡಿಯಿರಿ. ಗಿರ್ಮಿಟ್ಟಿನ ಒಗ್ಗರಣೆಯನ್ನು ಈರುಳ್ಳಿ, ಹುಣಸೆ ರಸ, ಚೂರು ಬೆಲ್ಲ ಹಾಕಿ ಮನೆಯಲ್ಲೇ ಮಾಡಿಕೊಂಡು ಬರಬಹುದು. ಗಿರಾಕಿ ಬಂದಾಗ ಚುರುಮುರಿ, ಪುಟಾಣಿ ಹಿಟ್ಟು ಸೇರಿಸಿ ಕಲಸಿದರೆ ಆಯ್ತು. ಮೊದಲೇ ಕಲಸಿಟ್ಟರೆ ಮೆತ್ತಗಾಗಿಬಿಡುತ್ತದೆ. ಭಜಿ ಮಾತ್ರ ಜನರ ಕಣ್ಣೆದುರೇ ಕರಿಯಿರಿ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಬರುವ ಸದ್ದು, ಘಮ ಇದೆಯಲ್ಲ, ಅದಕ್ಕಿಂತ ದೊಡ್ಡ ಬೋರ್ಡ್ ಇಲ್ಲ. ಕರಿದ ಎಣ್ಣೆಯನ್ನು ಮರುದಿನಕ್ಕೆ ಇಡಬೇಡಿ, ತಿನ್ನೋರು ಮಕ್ಕಳು ಅಲ್ವಾ.

ಉಳಿದ 2 ಐಟಂ ವಾರಕ್ಕೊಮ್ಮೆ ಬದಲಿಸಿ. ಬೆಲೆಯನ್ನು ದೂರಕ್ಕೆ ಕಾಣುವಂತೆ ಬರೆಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಪಾಲಿಕೆಯ ಅನುಮತಿ ಎರಡನ್ನೂ ಮೊದಲೇ ಮಾಡಿಸಿಕೊಳ್ಳಿ. ಅಂದಹಾಗೆ, ಕಾಲೇಜು ಬಿಡೋದು ಎಷ್ಟು ಗಂಟೆಗೆ? ಅದಕ್ಕೆ ಅರ್ಧ ಗಂಟೆ ಮೊದಲೇ ಎಣ್ಣೆ ಕಾದಿರಬೇಕು.