ಆ್ಯಪ್‌ನಲ್ಲಿ 110, ಮೀಟರಿನಲ್ಲಿ 264

ಸಿಂಚನಾಗೆ 17 ವರ್ಷ, ಎರಡನೇ ಪಿಯುಸಿ. (ಹೆಸರು, ಮನೆಯ ವಿವರ ಬದಲಿಸಿದ್ದೇನೆ.) ಒಂಬತ್ತನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆತಂದವರು ಅಪ್ಪ. "ಮಗಳು ಸುಳ್ಳು ಹೇಳೋಕೆ ಶುರು ಮಾಡಿದ್ದಾಳೆ ಮೇಡಂ" ಅಂದರು.

ಅವರು ತೋರಿಸುವ ಆಸ್ಪತ್ರೆಗೆ ಒಂದು ಆ್ಯಪ್ ಇದೆ. ರಿಪೋರ್ಟ್ ಅದರಲ್ಲೇ ಬರುತ್ತದೆ. ಮನೆಯಲ್ಲಿ ನೋಡಿದ ಶುಗರನ್ನೂ ಅದರಲ್ಲೇ ಹಾಕಬೇಕು, ಅದನ್ನು ನೋಡಿ ಡಾಕ್ಟರು ಡೋಸ್ ಹೇಳುತ್ತಾರೆ. ಖಾತೆ ಇರುವುದು ಅಪ್ಪನ ನಂಬರಿನಲ್ಲಿ, ಒಟಿಪಿ ಬರುವುದೂ ಅವರಿಗೇ.

ಒಂದು ರಾತ್ರಿ ಎಚ್‌ಬಿಎ1ಸಿ ರಿಪೋರ್ಟ್ ಬಂತು. 9.8, ಪಕ್ಕದಲ್ಲಿ ಕೆಂಪು ಬಾಣ. ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಶುಗರ್ 235ರ ಹತ್ತಿರ ಇತ್ತು ಅಂತ ಅದರ ಅರ್ಥ. ಆ್ಯಪ್‌ನಲ್ಲಿ ಅವಳು ಹಾಕಿದ್ದು ಮಾತ್ರ 110, 125, 120, 115. ಡಾಕ್ಟರಿಗಿಂತ ಮೊದಲು ಅಪ್ಪ ನೋಡಿದರು, ಚಿಕ್ಕಪ್ಪನಿಗೂ ವಾಟ್ಸ್‌ಆ್ಯಪ್ ಮಾಡಿದರು. ಯಾರ ರಕ್ತವೋ ಅವಳಿಗೇ ಕೊನೆಗೆ ಗೊತ್ತಾಯಿತು.

ಅಪ್ಪನನ್ನು ಹೊರಗೆ ಕೂರಿಸಿ ಮಾತಾಡಿದೆ. ತುಂಬಾ ಹೊತ್ತು ಸುಮ್ಮನಿದ್ದವಳು ಬ್ಯಾಗಿನಿಂದ ಗ್ಲುಕೋಮೀಟರ್ ತೆಗೆದು, ಹಳೆಯ ಲೆಕ್ಕ ಒಂದೊಂದಾಗಿ ತೋರಿಸಿದಳು. 264. 301. 198. 287. "200 ದಾಟಿದ್ರೆ ಅಪ್ಪಂದು ಫೋನ್ ಬರುತ್ತೆ. ಕ್ಲಾಸಲ್ಲಿದ್ರೂ ಬರುತ್ತೆ. 'ಏನ್ ತಿಂದೆ?' ಅಂತಾರೆ. ನಾನು ಏನೂ ತಿಂದಿರಲ್ಲ."

ನನಗೆ ಇದು ಸುಳ್ಳಿನ ಚಟ ಅನಿಸಲಿಲ್ಲ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅವಳಿಗಿದ್ದ ಒಂದೇ ದಾರಿ ಅದು. ಆದರೆ ಅಪಾಯ ದೊಡ್ಡದು. 110 ನಂಬಿದ ಡಾಕ್ಟರು ಡೋಸ್ ಹೆಚ್ಚಿಸುವುದಿಲ್ಲ ಅಲ್ವಾ? ಅದನ್ನು ಅವಳಿಗೆ ನೇರವಾಗಿಯೇ ಹೇಳಿದೆ.

ಅಪ್ಪನಿಗೆ ಹೇಳಿದ್ದು ಜಾಸ್ತಿ. ಈ ವಯಸ್ಸಿನಲ್ಲಿ ಹಾರ್ಮೋನುಗಳಿಂದಲೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮುಟ್ಟಿನ ದಿನಗಳು, ಜ್ವರ, ಪರೀಕ್ಷೆಯ ಭಯ ಇದ್ದರೂ ಶುಗರ್ ಏರಬಹುದು. ಏರಿದ್ದಕ್ಕೆಲ್ಲ ತಿಂದದ್ದೇ ಕಾರಣ ಅಲ್ಲ. ಎರಡು ವಾರ ಆ್ಯಪ್ ತೆರೆಯಬೇಡಿ, ರಿಪೋರ್ಟ್ ಬಂದರೆ ಮೊದಲು ಅವಳ ಕೈಗೆ ಫೋನ್ ಕೊಡಿ, ನೆಂಟರಿಗೆ ಕಳಿಸಬೇಡಿ ಅಂದೆ. "ಏನಾದ್ರೂ ಆದ್ರೆ?" ಅಂತ ಕೇಳಿದರು. ಎಂಟು ವರ್ಷದಿಂದ ರಾತ್ರಿ ಎರಡಕ್ಕೆ ಎದ್ದು ಮಗಳ ಹಣೆ ಮುಟ್ಟಿ ನೋಡುವ ಮನುಷ್ಯ. ಆ ಭಯ ಸುಳ್ಳಲ್ಲ.

ಅದಕ್ಕೇ ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. 70ಕ್ಕಿಂತ ಇಳಿದರೆ ಮೊದಲು ಗ್ಲುಕೋಸ್ ಬಾಯಿಗೆ, ಆಮೇಲೆ ಅಪ್ಪನಿಗೆ ಫೋನ್. ಶುಗರ್ ಏರಿ ವಾಂತಿ, ಹೊಟ್ಟೆನೋವು ಬಂದರೆ ಆ್ಯಪ್‌ನಲ್ಲಿ ಮೆಸೇಜ್ ಹಾಕಿ ಕಾಯುವುದಲ್ಲ, ನೇರ ಆಸ್ಪತ್ರೆಗೆ. ಉಳಿದ ಅಂಕಿಯೆಲ್ಲ ಅವಳಿಗೂ ಡಾಕ್ಟರಿಗೂ ಬಿಟ್ಟದ್ದು. ರಿಪೋರ್ಟಿನ ಮೆಸೇಜ್ ಅವಳ ನಂಬರಿಗೂ ಬರುವಂತೆ ಆಸ್ಪತ್ರೆಯಲ್ಲಿ ಕೇಳಲು ಹೇಳಿದೆ. ಕೊಟ್ಟರು. ಹಳೆಯ ಸುಳ್ಳು ಅಂಕಿಗಳ ವಿಷಯ ಮಾತ್ರ ಅವಳೇ ಡಾಕ್ಟರಿಗೆ ಹೇಳಬೇಕಿತ್ತು. ನನ್ನ ಮುಂದೆಯೇ ಕೂತು ಆ್ಯಪ್‌ನಲ್ಲಿ ಬರೆದಳು, ಎರಡು ಸಲ ಅಳಿಸಿ ಮೂರನೇ ಸಲ ಕಳಿಸಿದಳು: "ಸರ್, ನಾನು ಹಾಕಿದ್ದು ನಿಜವಾದ ರೀಡಿಂಗ್ ಅಲ್ಲ. ಮೀಟರ್ ತರ್ತೀನಿ."

ಡಾಕ್ಟರು ಮೀಟರ್ ನೋಡಿ ರಾತ್ರಿಯ ಡೋಸ್ ಬದಲಿಸಿದರು. ಮೂರು ತಿಂಗಳಿಗೆ ಎಚ್‌ಬಿಎ1ಸಿ 8.7 ಬಂತು. ಈ ಸಲ ಮೊದಲು ನೋಡಿದವಳು ಅವಳೇ. ಅಪ್ಪ ನನಗೆ ಫೋನ್ ಮಾಡಿ, "ಇನ್ನೂ ಜಾಸ್ತಿನೇ ಇದೆ ಅಲ್ವಾ ಮೇಡಂ?" ಅಂದರು. ಹೌದು, ಇದೆ ಅಂದೆ. ಅವಳ ಹತ್ತಿರ ಏನಂದಿರಿ ಅಂತ ಕೇಳಿದೆ.

"ಊಟ ಆಯ್ತಾ ಅಂದೆ, ಅಷ್ಟೇ."